ಪೂರ್ತಿ ಅಂಕ

ಓಣಿಯ ಬಾಯಿಗೆ ಬಂದು ನೇಮಿರಾಜ ಬೈಕು ನಿಲ್ಲಿಸಿದ. ಇಂಜಿನ್ ಬಂದ್ ಆಯಿತೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಬನಹಟ್ಟಿಯ ಆ ಓಣಿಯಲ್ಲಿ ಎರಡೂ ಬದಿಯ ಮನೆಗಳೊಳಗೆ ವಿದ್ಯುತ್ ಮಗ್ಗಗಳು ಬಡಿಯುತ್ತಿದ್ದವು. ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಟ್ಟುತ್ತಿತ್ತು. ಚಾವಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತ. ಜಮಖಂಡಿಗೆ ಹೋಗಿ ಬರುತ್ತೇನೆ, ಆಫೀಸಿನ ಕೆಲಸವಿದೆ ಎಂದು ಸಾಲೆಯಲ್ಲಿ ಹೇಳಿ ಬಂದಿದ್ದ. ಯಾಕೆ ಹಾಗೆ ಹೇಳಿದೆ? ಮಾಳಿಂಗರಾಯ ಸರ್ ಮನೆಗೆ ಹೋಗುತ್ತೇನೆ ಅಂದಿದ್ದರೆ ಯಾರಾದರೂ ಬೇಡ ಅನ್ನುತ್ತಿದ್ದರೇ? ಹೆಡ್ ಮಾಸ್ತರನಾದವನು ತನಗೆ ಕಲಿಸಿದವರ ಮನೆಗೆ ಹೋಗುವುದಕ್ಕೂ ಸುಳ್ಳು ಹೇಳಬೇಕಾಯಿತಲ್ಲ, ಥೂ, ಎಂದು ತನ್ನ ಮೇಲೇ ಹೇಸಿಗೆ ಬಂತು. ಶುಕ್ರವಾರದಿಂದ ಈಚೆಗೆ ಸುಳ್ಳು ಅವನ ಬಾಯಲ್ಲಿ ಸಲೀಸಾಗಿ ಬರತೊಡಗಿತ್ತು. ಇವತ್ತು ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಾಗ ಏಳನೆಯ ತರಗತಿಯ ಸಾಲಿನ ಮುಂದೆ ಮಾಳಿಂಗರಾಯ ಸರ್ ಇರಲಿಲ್ಲ. ಆ ತರಗತಿಯ ಕಾವೇರಿ ಎಂಬ ಹುಡುಗಿ ನೇರ ಅವನ ಹತ್ತಿರ ಬಂದು, "ನಮ್ಮ ಸರ್ ಯಾವಾಗ ಬರತಾರ್ರೀ?" ಎಂದು ಕೇಳಿದಳು. "ಅವರಿಗಿ ಆರಾಮ ಇಲ್ಲವಾ, ನಾಳೆ ಬರತಾರ" ಎಂದ. ಹುಡುಗಿ ಅವನ ಮುಖವನ್ನೇ ಒಂದು ಗಳಿಗೆ ನೋಡಿ ಸಾಲಿಗೆ ಮರಳಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಇಡೀ ಸಾಲೆಗೆ ಗೊತ್ತಿತ್ತು.

ಯಾರಿಗೆ ಬೇಕಾಗಿತ್ತು ಈ ಉಸಾಬರಿ! ಸಂಸ್ಥೆಯ ಚೇರಮನ್ ನಾಮದೇವಣ್ಣ ಪುಣೆಯ ಕಡೆ ಯಾವುದೋ ಸಾಲೆಯ ಗೋಡೆಯ ಮೇಲೆ ಗುಣಮಟ್ಟದ ಪ್ರಮಾಣಪತ್ರ ತೂಗುಬಿಟ್ಟಿದ್ದನ್ನು ನೋಡಿ ಬಂದರು, ಅಲ್ಲಿಂದ ಶುರುವಾಯಿತು. ಹುಬ್ಬಳ್ಳಿಯಿಂದ ಮೇಘಾ ಎಂಬ ಹುಡುಗಿ, ಹುಡುಗಿ ಅಂದರೆ ಮೂವತ್ತು ದಾಟಿದವಳೇ, ತಿಂಗಳಿಗೊಮ್ಮೆ ಬಂದು ಮಾಸ್ತರರನ್ನೆಲ್ಲ ಕೂರಿಸಿ ತರಬೇತಿ ಕೊಡತೊಡಗಿದಳು. 'ತಪ್ಪನ್ನು ಹುಡುಕೋಣ, ತಪ್ಪಿತಸ್ಥರನ್ನಲ್ಲ' ಎಂಬ ಫಲಕ ಸ್ಟಾಫ್ ರೂಮಿನಲ್ಲಿ ಗಡಿಯಾರದ ಕೆಳಗೆ ಬಂತು. ಓದಲಿಕ್ಕೆ ಎಷ್ಟು ಛಲೋ! ಪಾಲಕರು ಅನಿಸಿಕೆ ಬರೆದು ಹಾಕಲಿ ಎಂದು ಬಾಗಿಲಿಗೆ ಒಂದು ಡಬ್ಬಿ ಕಟ್ಟಿದರು. ಎರಡು ತಿಂಗಳ ಮೇಲೆ ತೆಗೆದು ನೋಡಿದರೆ ಒಳಗೆ ಒಂದು ಮದುವೆಯ ಕರೆಯೋಲೆ ಇತ್ತು. ಮಾಸ್ತರರ ತಪ್ಪನ್ನು ಚೀಟಿಯಲ್ಲಿ ಬರೆದು ಹೆಸರು ಮುಚ್ಚಿಟ್ಟು ಹಾಕುವುದೆಂದರೆ ಈ ಕಡೆಯವರಿಗೆ ಚಾಡಿ ಹೇಳಿದಂತೆ. ಬೇಕಾದರೆ ಬಾಗಿಲಿಗೆ ಬಂದು ಬೈದು ಹೋದಾರು, ಬರೆಯಲಾರರು. ಆಮೇಲೆ ಬಂತು ಪಾಠ ವೀಕ್ಷಣೆ. ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಹಿಂದಿನ ಬೆಂಚಿನ ಮೇಲೆ ಕೂತು, ಪಾಠ ನೋಡಿ, ಅಂಕ ಹಾಕಬೇಕು. ಮಾಸ್ತರರು ನಕ್ಕೋತ ಚಾ ಕುಡಿಯುತ್ತ, "ನೀವು ನನಗ ಪೂರ್ತಿ ಕೊಡ್ರಿ, ನಾ ನಿಮಗ ಪೂರ್ತಿ ಕೊಡತೇನಿ, ಮುಗೀತಲ್ರೀ" ಎಂದು ಒಂದೇ ದಿನದಲ್ಲಿ ಆ ಕೆಲಸ ಮುಗಿಸಿದರು. ಮೇಘಾ ಅದನ್ನೆಲ್ಲ ನೋಡಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಎಲ್ಲವೂ ಇಷ್ಟು ಸರಿ ಇದ್ದರೆ ನಾನು ಬರುವುದೇ ಬೇಕಾಗಿರಲಿಲ್ಲವಲ್ಲ ಸರ್. ನೀವೇ ಒಂದು ಸಲ ಎಲ್ಲರ ತರಗತಿಯಲ್ಲೂ ಕೂತು ನೋಡಿ. ಇದ್ದದ್ದು ಇದ್ದ ಹಾಗೆ ಬರೆಯಿರಿ. ಯಾರಿಗೆ ಏನು ಬೇಕು ಅಂತ ಗೊತ್ತಾದರೆ ತಾನೇ ನಾವು ಕೊಡೋದು" ಎಂದಳು ನೇಮಿರಾಜನಿಗೆ. ಕೂತ. ಬರೆದ. ಬೇರೆಯವರಿಗೆಲ್ಲ ಇದ್ದದ್ದು ಇದ್ದ ಹಾಗೆ ಅಂಕ ಹಾಕಿದ. ಅರ್ಧದಷ್ಟು ಮಂದಿ ವಾರಗಟ್ಟಲೆ ಅವನಿಗೆ ನಮಸ್ಕಾರ ಮಾಡಲಿಲ್ಲ. ವಿಜ್ಞಾನದ ಶಿವಪುತ್ರನಂತೂ ಎದುರು ಬಂದರೆ ಮೊಬೈಲು ಕಿವಿಗೆ ಇಟ್ಟುಕೊಳ್ಳುತ್ತಿದ್ದ. ಅದನ್ನೆಲ್ಲ ತಡೆದುಕೊಂಡೆ ಎಂದು ನೇಮಿರಾಜ ಒಳಗೊಳಗೇ ಹೆಮ್ಮೆ ಪಟ್ಟಿದ್ದ. ಉಳಿದದ್ದು ಒಂದೇ ತರಗತಿ.

ಆ ದಿನ ಏಳನೆಯ ತರಗತಿಯೊಳಗೆ ಹೋಗುವಾಗ ಬಾಗಿಲ ಹೊರಗೆ ಚಪ್ಪಲಿ ಬಿಟ್ಟ. ಬೇರೆ ಯಾರ ತರಗತಿಗೆ ಹೋಗುವಾಗಲೂ ಬಿಟ್ಟಿರಲಿಲ್ಲ. ಕಾಲು ತಾವಾಗಿಯೇ ಬಿಟ್ಟವು. ಮಾಳಿಂಗರಾಯ ಸರ್ ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ಸಂಸ್ಥೆಯವರೇ ಬೇಡಿಕೊಂಡು ಉಳಿಸಿಕೊಂಡಿದ್ದರು. ಹಣೆಯ ಮೇಲೆ ಬೀರೇಶ್ವರನ ಅರಿಶಿನದ ಭಂಡಾರ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಅದೇ ತುಂಡು ಸುಣ್ಣದ ಕಡ್ಡಿ. ಅವನನ್ನು ಕಂಡು, "ಬರ್ರಿ ಹೆಡ್ ಮಾಸ್ತರ್ರ" ಎಂದರು, ಮಕ್ಕಳು ಕೇಳಲೆಂದು ಬೇಕೆಂದೇ ಗೌರವ ಹಚ್ಚಿ. ಅವರ ಕಣ್ಣಲ್ಲಿ ಮಾತ್ರ, ಬಾರಲೇ ನೇಮ್ಯಾ, ಎಂಬ ಹಳೆಯ ಕರೆ ಇತ್ತು. ಹಿಂದಿನ ಬೆಂಚಿನ ಮೇಲೆ ಕೂತವನಿಗೆ ಬೆಂಚು ಮುಳ್ಳಾಯಿತು. ಇವರ ಮುಂದೆ ಕೂತು ಇವರನ್ನು ಅಳೆಯುವುದೇ? ಕೃಷ್ಣಾ ನದಿಯ ಪಾಠ ನಡೆದಿತ್ತು, ಚೆಂದವಾಗಿ ನಡೆದಿತ್ತು, ಅವನೂ ಮೈಮರೆತು ಕೇಳುತ್ತಿದ್ದ. ಆಗ ನಡುವಿನ ಬೆಂಚಿನ ಹುಡುಗನೊಬ್ಬ ಬರೆಯುತ್ತಲೇ ಕತ್ತು ಬಗ್ಗಿಸಿ ಏನೋ ಕೇಳಿದ. ಸರ್ ಪಾಠ ಮುಂದುವರಿಸಿದರು. ಹುಡುಗ ಇನ್ನೊಮ್ಮೆ ಜೋರಾಗಿ ಕೇಳಿದ. ಸರ್ ನಿಲ್ಲಲಿಲ್ಲ. ಮುಂದಿನ ಬೆಂಚಿನ ಕಾವೇರಿ ಸದ್ದಿಲ್ಲದೆ ಕೈ ಎತ್ತಿ, ಬೆರಳಿನಿಂದ ಆ ಹುಡುಗನ ಕಡೆ ತೋರಿಸಿದಳು. ಸರ್ ಅವನ ಎದುರಿಗೆ ಹೋಗಿ ನಿಂತು, ಅವನ ತುಟಿಗಳನ್ನೇ ನೋಡುತ್ತ, "ಹಾಂ, ಈಗ ಹೇಳೋ" ಎಂದರು. ಆಮೇಲೆ ಉತ್ತರ ಹೇಳಿದರು, ಪೂರ್ತಿ ಸರಿಯಾದ ಉತ್ತರ. ಅಯ್ಯೋ, ಇವರಿಗೆ ಕೇಳುವುದೇ ಇಲ್ಲ. ಮಕ್ಕಳೇ ಒಂದಾಗಿ ಇವರನ್ನು ಕಾಪಾಡಿಕೊಂಡು ಬಂದಿದ್ದಾರೆ.

ಆಮೇಲೆ ಎಲ್ಲ ಹೊಳೆಯುತ್ತ ಹೋಯಿತು. ಜೀವಮಾನವಿಡೀ ಮಗ್ಗದ ಓಣಿಯಲ್ಲಿ ಬದುಕಿದವರು. ಈ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಒಂದೋ ಚೀರುತ್ತಾರೆ, ಇಲ್ಲವೇ ದನಿಯೇ ಇಲ್ಲದೆ ತುಟಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಇಂಥಲ್ಲಿ ಒಬ್ಬನ ಕಿವಿ ಹೋದದ್ದು ಯಾರಿಗೆ ಗೊತ್ತಾಗಬೇಕು? ಅವರಿಗೇ ಯಾವಾಗ ಗೊತ್ತಾಯಿತೋ ಏನೋ. ಕಚೇರಿಗೆ ಬಂದು ಅಂಕ ಹಾಕಲು ಕೂತ. 'ಮಕ್ಕಳ ಪ್ರಶ್ನೆಗೆ ಸ್ಪಂದನೆ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಬರೆಯಬೇಕಾದದ್ದು ಒಂದೇ ಸಾಲು, ಕಿವಿಗೆ ಯಂತ್ರ ಬೇಕಾಗಿದೆ ಎಂದು. ಮೇಘಾ ಆ ವಾರವೇ ತರಿಸಿಕೊಡುತ್ತಿದ್ದಳು, ಅಷ್ಟಕ್ಕೇ ಮುಗಿದು ಹೋಗುತ್ತಿತ್ತು. ಆದರೆ ಮಾಳಿಂಗರಾಯ ಎಂಬ ಹೆಸರಿನ ಮುಂದೆ ತನ್ನ ಕೈಯಿಂದ ಒಂದು ಕಡಿಮೆ ಅಂಕ ಬೀಳುವುದೆಂದರೆ ಅವರ ಮುಖಕ್ಕೆ ಕೈ ಎತ್ತಿದಂತೆ ಅನಿಸಿತು. ಅವರ ಕುಂದನ್ನು ನಾನು ಬರೆಯಲೇ? ನಾನು ಯಾರು? ಎಲ್ಲಕ್ಕೂ ಪೂರ್ತಿ ಅಂಕ ಹಾಕಿ, ಹಾಳೆಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಿಟ್ಟು, ಕಳಿಸಿಬಿಟ್ಟ. ಅವತ್ತು ಮನೆಗೆ ಹೋಗಿ ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಾಗ ಹೆಂಡತಿ ಸಿದ್ಧಿ, "ಏನ್ರೀ, ಇವತ್ತ ಭಾಳ ಖುಷಿಲಿದ್ದೀರಿ?" ಎಂದು ಕೇಳಿದ್ದಳು. ಖುಷಿಯಲ್ಲಿಯೇ ಇದ್ದ. ಗುರುಗಳ ಋಣ ತೀರಿಸಿದೆ ಎಂದುಕೊಂಡಿದ್ದ, ಮೂರ್ಖ.

ಮಗ್ಗದ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಅವನನ್ನು ನೋಡಿ, ದನಿ ಮಾಡದೆ ತುಟಿಯಲ್ಲೇ, ಯಾರ ಮನಿ, ಎಂದು ಕೇಳಿದಳು. ಅವನು ಕೈಯಿಂದ ಓಣಿಯ ಕೊನೆ ತೋರಿಸಿದ. ಕಾಲು ಮುಂದೆ ಹೋಗಲಿಲ್ಲ. ಇದೇ ಓಣಿಯಲ್ಲಿ ಹುಡುಗನಾಗಿದ್ದಾಗ ಓಡುತ್ತ ಬರುತ್ತಿದ್ದ. ಗಣಿತದಲ್ಲಿ ಅವನನ್ನು ನಾಪಾಸು ಮಾಡಿದವರು ಈ ಮಾಳಿಂಗರಾಯ ಸರ್ ಅವರೇ. ಮಾಡಿ, ಬಿರುಬಿಸಿಲಲ್ಲಿ ತೇರದಾಳದ ಅವನ ಮನೆಗೆ ಸೈಕಲ್ ತುಳಿದುಕೊಂಡು ಬಂದು ಕಟ್ಟೆಯ ಮೇಲೆ ಕೂತು ಅಪ್ಪನಿಗೆ, "ನಿಮ್ಮ ಮಗನ್ನ ನಾಪಾಸ್ ಮಾಡೇನ್ರಿ. ಅವಗ ಭಾಗಾಕಾರ ಬರೂದಿಲ್ಲ. ಇನ್ನ ಸಂಜೀಕ ನಮ್ಮ ಮನಿಗಿ ಕಳಸ್ರಿ, ಬರೂಹಂಗ ಮಾಡತೇನಿ" ಎಂದಿದ್ದರು. ಅಪ್ಪ ಆ ಮಾತಿಗೆ ಕೈ ಮುಗಿದಿದ್ದ. ಆ ವರ್ಷವಿಡೀ ಸಾಲೆ ಬಿಟ್ಟ ಮೇಲೆ ಈ ಮನೆಯಲ್ಲಿ ಲೆಕ್ಕ ಬಿಡಿಸುತ್ತಿದ್ದ. ಸರ್ ಹೆಂಡತಿ ಸತ್ಯವ್ವ, ಜೈನರ ಹುಡುಗ ಅಂತ, ಬಿಳಿ ಬಟ್ಟೆ ಕಟ್ಟಿ ಸೋಸಿದ ನೀರನ್ನೇ ಕೊಡುತ್ತಿದ್ದಳು, ಹೊತ್ತು ಮುಳುಗುವ ಮೊದಲು ಉಳ್ಳಾಗಡ್ಡಿ ಇಲ್ಲದ ಅವಲಕ್ಕಿ ಚೂಡಾ ಮಾಡಿ ಇಡುತ್ತಿದ್ದಳು. ನಾಪಾಸು ಮಾಡಿದಾಗ ಅವರ ಕೈ ನಡುಗಿರಲಿಲ್ಲ. ನಡುಗಿದ್ದರೆ ಅವನಿಗೆ ಇವತ್ತಿಗೂ ಭಾಗಾಕಾರ ಬರುತ್ತಿರಲಿಲ್ಲ. ಇದು ಯಾಕೆ ಆಗ ಹೊಳೆಯಲಿಲ್ಲ, ಪೆನ್ನು ಕೈಯಲ್ಲಿದ್ದಾಗ?

ಪೂರ್ತಿ ಅಂಕ ಬಂದದ್ದು ಅವರೊಬ್ಬರಿಗೇ ಆದ್ದರಿಂದ, ಪ್ರಮಾಣಪತ್ರ ಕೊಡುವವರು ಶುಕ್ರವಾರ ಬರುತ್ತಾರೆಂದಾಗ, ಮಾದರಿ ತರಗತಿಯೆಂದು ತೋರಿಸಲು ಏಳನೆಯದನ್ನೇ ಆರಿಸಿದರು. ನಾಮದೇವಣ್ಣ ಖುಷಿಯಿಂದ ಅವನ ಬೆನ್ನು ತಟ್ಟಿ, "ನಿಮ್ಮ ಗುರುಗಳು ಅಂದ್ರ ಸುಮ್ನ ಏನ್ರೀ!" ಎಂದರು. ಅಲ್ಲೇ ಹೇಳಬಹುದಿತ್ತು. ಬೇರೆ ತರಗತಿ ತೋರಿಸೋಣ ಅನ್ನಬಹುದಿತ್ತು. ಆಗ ಯಾಕೆ ಎಂದು ಕೇಳುತ್ತಿದ್ದರು, ಹಾಕಿದ ಅಂಕ ಸುಳ್ಳಾಗುತ್ತಿತ್ತು. ನಡೆದೀತು, ಕಾವೇರಿ ಇದ್ದಾಳಲ್ಲ, ಎಂದುಕೊಂಡ. ಗುರುವಾರ ಸಂಜೆ ಹೊಸ ಪದ್ಧತಿಯ ಪ್ರಕಾರ ಬೆಂಚುಗಳನ್ನೆಲ್ಲ ಸಾಲಿನಿಂದ ಕಿತ್ತು, ಮಕ್ಕಳು ಗುಂಪಾಗಿ ಒಬ್ಬರ ಮುಖ ಒಬ್ಬರು ನೋಡುವಂತೆ ದುಂಡಗೆ ಹಾಕಿಸಿದರು. ಹಾಕಿಸಿದವನು ತಾನೇ. ಹಾಗೆ ಕೂತರೆ ಅರ್ಧ ಮಕ್ಕಳ ಬೆನ್ನು ಸರ್ ಕಡೆಗೆ ಬರುತ್ತದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಮರುದಿನ ಬಂದವರು ನಾಲ್ಕೈದು ಮಂದಿ, ಜೊತೆಗೆ ಮೇಘಾ, ನಾಮದೇವಣ್ಣ, ಗೋಡೆಗೆ ಆನಿಸಿ ಹಾಕಿದ ಕುರ್ಚಿಗಳ ಮೇಲೆ. ಸರ್ ಕೃಷ್ಣಾ ನದಿಯದೇ ಪಾಠ ಮಾಡಿದರು, ತುಬಚಿಯ ಏತ ನೀರಾವರಿಯ ತನಕ ಬಂದರು. ಬಂದವರಲ್ಲೊಬ್ಬರು ನಕ್ಕು, ಹತ್ತಿರವಿದ್ದ ಕಾವೇರಿಗೆ, ನಿಮ್ಮ ಸರ್‌ಗೆ ಏನಾದರೂ ಕೇಳು ಎಂದರು. ಅವಳು ಸರ್‌ಗೆ ಬೆನ್ನು ಮಾಡಿ ಕೂತಿದ್ದಳು. ಕೇಳು ಎಂದವರ ಮುಖ ನೋಡುತ್ತಲೇ ಎದ್ದು ನಿಂತು ಕೇಳಿದಳು: "ಹೊಳಿ ನೀರ ಹಿಂಗ ಎತ್ತಿ ಮ್ಯಾಲಿನ ಹೊಲಕ್ಕ ಒಯ್ದ್ರ, ತೆಳಗಿನ ಊರವರಿಗಿ ಕಡಿಮಿ ಬೀಳೂದಿಲ್ಲೇನ್ರಿ ಸರ್?" ಎಂಥ ಛಲೋ ಪ್ರಶ್ನೆ! ಸರ್‌ಗೆ ಒಂದು ಶಬ್ದವೂ ಮುಟ್ಟಲಿಲ್ಲ. ಹುಡುಗಿ ಎದ್ದು ನಿಂತಿದ್ದಾಳೆ, ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ ಅನ್ನುವುದಷ್ಟೇ ಕಂಡಿತು. ಹೊರಗೆ ಹೋಗಲು ಕೇಳುತ್ತಿದ್ದಾಳೆಂದು ಊಹಿಸಿದರು. "ಹೋಗಿ ಬಾರವಾ, ಲಗೂ ಬಾ" ಎಂದರು, ಅಕ್ಕರೆಯಿಂದ.

ತರಗತಿಯಲ್ಲಿ ಯಾವ ಮಗುವೂ ನಗಲಿಲ್ಲ. ಕಾವೇರಿ ತಿರುಗಿ ಸರ್ ಮುಖ ನೋಡಿದಳು. ಹೂಂ ರೀ ಸರ್, ಎಂದು ತಲೆಯಾಡಿಸಿ ನಿಜಕ್ಕೂ ಬಾಗಿಲ ಕಡೆ ನಡೆದಳು. ಅವರ ಮಾನ ಉಳಿಯಲಿ ಎಂದು ಬೇಡವಾದ ಕೆಲಸಕ್ಕೆ ಹೊರಗೆ ಹೋದಳು. ಗೋಡೆಯ ಬದಿಯಿಂದ ನಾಮದೇವಣ್ಣ ತಡೆಯಲಾರದೆ ಪಕ್ಕನೆ ನಕ್ಕರು. ಒಬ್ಬರು ನಕ್ಕಮೇಲೆ ಕೇಳಬೇಕೇ, ಬಂದವರೂ ನಕ್ಕರು. ಸರ್‌ಗೆ ನಗೆ ಕೇಳಲಿಲ್ಲ, ಕಂಡಿತು. ಏನೋ ತಪ್ಪಿತು ಎಂದು ತಿಳಿದು ಒಂದೊಂದೇ ಮುಖ ನೋಡುತ್ತ ಬಂದು, ನೇಮಿರಾಜನ ಮುಖದ ಮೇಲೆ ಕಣ್ಣು ನಿಲ್ಲಿಸಿದರು. ಅವನು ತಲೆ ಕೆಳಗೆ ಹಾಕಿದ. ಮೇಘಾ ಮಾತ್ರ ನಗದೆ ಹುಡುಗಿ ಹೋದ ಬಾಗಿಲನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಸಾಲೆಯ ಹಾಲ್‌ನಲ್ಲಿ ಎಲ್ಲರನ್ನೂ ಕೂಡಿಸಿದರು. "ಇಲ್ಲಿ ನಾವು ಯಾರನ್ನೂ ದೂರುವುದಿಲ್ಲ, ಯಾಕೆ, ಯಾಕೆ ಎಂದು ಕೇಳುತ್ತ ಹೋಗೋಣ, ಬುಡ ತಾನಾಗಿ ಸಿಗುತ್ತದೆ" ಎಂದಳು ಮೇಘಾ. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆದರೆ ನಾಲ್ಕು ಜನರ ಮುಂದೆ ಯಾಕೆ ಎಂಬ ಮಾತು ಈ ಕಡೆ ಯಾವತ್ತಾದರೂ ಬರೀ ಪ್ರಶ್ನೆಯಾಗಿದೆಯೇ? ಹುಡುಗಿಗೆ ಉತ್ತರ ಯಾಕೆ ಸಿಗಲಿಲ್ಲ? ಮಾಸ್ತರರಿಗೆ ಕೇಳಲಿಲ್ಲ. ಕೇಳಿಸುವ ವ್ಯವಸ್ಥೆ ಯಾಕೆ ಆಗಲಿಲ್ಲ? ಯಾರಿಗೂ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ? ವೀಕ್ಷಣೆಯಲ್ಲಿ ಪೂರ್ತಿ ಅಂಕ ಬಂದಿತ್ತು. ಪೂರ್ತಿ ಯಾಕೆ ಬಂತು? ಕೂತವರ ಕತ್ತುಗಳೆಲ್ಲ ಅವನ ಕಡೆ ತಿರುಗಿದವು. ಶಿವಪುತ್ರ ಕೈಕಟ್ಟಿ ಕೂತು ಕಾಯುತ್ತಿದ್ದ. ನೇಮಿರಾಜ ಎದ್ದು ನಿಂತ. ಮೇಘಾಳ ಹಿಂದೆ, ಕಿಟಕಿಯ ಹತ್ತಿರ, ಬಿಳಿ ಅಂಗಿಯ ಮಾಳಿಂಗರಾಯ ಸರ್ ಕೂತಿದ್ದರು. ಮಾತು ಕೇಳದೆ, ಯಾರು ಎದ್ದರೋ ಅವರನ್ನೇ ನೋಡುತ್ತ. ಅವನು ತಲೆ ಎತ್ತಿ, ಅಧಿಕಾರಿಯ ಹಾಗೆ ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ ಹೇಳಿದ: "ನನಗ ಗೊತ್ತಿರಲಿಲ್ರಿ. ನಾ ಕುಂತಾಗ ಹಂಗೇನೂ ಕಂಡಿರಲಿಲ್ಲ." ನಾಮದೇವಣ್ಣ ತೊಡೆ ತಟ್ಟಿ, "ಹಂಗಾದ್ರ ಮಾಸ್ತರ್ರ ಮುಚ್ಚಿಟ್ಟಾರಂದಂಗಾತು. ವಯಸ್ಸಾದವ್ರು, ನಮಗರ ಒಂದ ಮಾತ ಹೇಳಬಾರದೇನ?" ಎಂದರು. ಮೇಘಾ, ಹಾಗಲ್ಲ ಸರ್, ಅದು ಹಾಗಲ್ಲ ಎನ್ನುತ್ತಿದ್ದಳು. ಅವಳ ಮಾತು ಗುಜುಗುಜಿನಲ್ಲಿ ಮುಳುಗಿತು. ಸರ್ ಎದ್ದರು. ಎಲ್ಲರಿಗೂ ಒಮ್ಮೆ ಕೈಮುಗಿದು ಹೊರಗೆ ಹೋದರು. ಮೋಸಗಾರ ಎಂಬ ಮಾತನ್ನು ಹೊತ್ತುಕೊಂಡು ಹೋದರು, ನೇಮಿರಾಜನ ಪಾಲಿನದನ್ನು. ಅವನು ಇನ್ನೂ ನಿಂತೇ ಇದ್ದ. ಕೂಡ್ರಿ ಸರ್ ಎಂದು ಯಾರೋ ಹೇಳಬೇಕಾಯಿತು.

ಇವತ್ತು ಆ ಮಾತನ್ನು ವಾಪಸು ತಗೊಳ್ಳಬೇಕು. ನನಗೆ ಗೊತ್ತಿತ್ತು, ನಾನೇ ಮುಚ್ಚಿಟ್ಟೆ, ನಾಳೆ ಎಲ್ಲರ ಮುಂದೆ ಹೇಳುತ್ತೇನೆ, ನೀವು ಬರಬೇಕು. ಇಷ್ಟೇ. ಇದನ್ನೇ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಾಗಿಲಲ್ಲಿ ಸತ್ಯವ್ವ ಕಂಡಳು. "ಬಾರಪಾ, ಒಳಗ ಬಾ. ಅವರು ಉಣ್ಣೂದಾ ಬಿಟ್ಟಾರ ನೋಡು" ಎಂದು ಚೀರಿದಳು, ಓಣಿಯ ರೂಢಿಯಂತೆ. ಸರ್ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಹಣೆಯಲ್ಲಿ ಭಂಡಾರ ಇರಲಿಲ್ಲ, ಅದಿಲ್ಲದೆ ಅವರನ್ನು ಅವನು ಯಾವತ್ತೂ ನೋಡಿರಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿ ಎದುರಿಗೆ ಕೂತ. ಸತ್ಯವ್ವ ನೀರು ತಂದಿಟ್ಟು, "ಸೋಸಿದ್ದ ಐತಿ, ಕುಡಿ" ಎಂದಳು. ತಲೆ ತಗ್ಗಿಸಿ, ಚಾಪೆಯ ಅಂಚನ್ನು ನೋಡುತ್ತ, ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದ. ಒಂದು ಮಾತೂ ಬಿಡಲಿಲ್ಲ, ನಡುವೆ ಅತ್ತ, ಮೂಗು ಒರೆಸಿಕೊಂಡ, ಮತ್ತೆ ಹೇಳಿದ. ಹೇಳಿ ಮುಗಿಸಿದಾಗ ಎದೆ ಹಗುರಾಗಿತ್ತು.

ಸರ್ ಮುಂದಕ್ಕೆ ಬಾಗಿದರು. ಆಮೇಲೆ, "ಏನಂದಿ?" ಎಂದರು.

ನೇಮಿರಾಜ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದ.

"ನೀ ಮಾತಾಡಿದ್ದು ಗೊತ್ತಾತು, ನಿನ್ನ ಹೆಗಲ ಅಲಗ್ಯಾಡಿದ್ವು. ಏನಂದಿ ಅನ್ನೂದು ಗೊತ್ತಾಗಲಿಲ್ಲ" ಎಂದರು ಸರ್. ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು. "ಈ ಹುಡುಗೂರು ನನ್ನ ಮಾರಿ ನೋಡಿ ಮಾತಾಡತಾವ, ತಿಳೀತೈತಿ. ನೀ ನನ್ನ ಮುಂದ ಯಾವತ್ತ ಮಾರಿ ಎತ್ತೀಯೋ? ದೊಡ್ಡ ಗೌರವ ನಿಂದು. ನೀ ಹೆಡ್ ಮಾಸ್ತರ ಆದಾಗಿಂದ ನಿನ್ನ ಒಂದ ಮಾತೂ ನನಗ ಮುಟ್ಟಿಲ್ಲ. ಅಂದಾಜಿನ ಮ್ಯಾಲೆ ಹೂಂ ಅಂದಕೋತ ಬಂದೇನಿ."

ಎಷ್ಟು ಸಲ ಅವರ ಮುಂದೆ ತಲೆ ಬಾಗಿಸಿ ನಿಂತು ಸುಖದುಃಖ ಹೇಳಿಕೊಂಡಿದ್ದ. ಅಪ್ಪ ಸತ್ತಾಗ ಹೇಳಿದ್ದು. ಮಗಳ ಕಾಯಿಲೆಯ ಸುದ್ದಿ. ಅವರು ಹೂಂ, ಹೂಂ ಎಂದು ಭುಜದ ಮೇಲೆ ಕೈ ಇಟ್ಟಿದ್ದರು. ಯಾವುದೂ ಮುಟ್ಟಿರಲಿಲ್ಲ.

"ಒಂದ ಸಲ ಅಷ್ಟ ಮುಟ್ಟೇತಿ" ಎಂದರು ಸರ್. "ಶುಕ್ರವಾರ. ಕಿಟಕಿ ಬೆಳಕ ನೆಟ್ಟಗ ನಿನ್ನ ಮಾರಿ ಮ್ಯಾಲೆ ಬಿದ್ದಿತ್ತು. ತಲಿ ಎತ್ತಿ, ಬಾಯಿ ಬಿಚ್ಚಿ, ಎಷ್ಟ ಸ್ವಚ್ಛ ಮಾತಾಡಿದೀಪಾ. ಒಂದ ಅಕ್ಷರ ತಪ್ಪಲಿಲ್ಲ ನನಗ."

ಮಗ್ಗಗಳು ಬಡಿಯುತ್ತಲೇ ಇದ್ದವು. ತಂಬಿಗೆಯ ನೀರಿನ ಮೇಲೆ ಸಣ್ಣ ಸಣ್ಣ ಸುತ್ತುಗಳು ಏಳುತ್ತಿದ್ದವು. ಏಳು, ತಲೆ ಎತ್ತು, ಎಂದು ನೇಮಿರಾಜ ತನಗೆ ತಾನೇ ಹೇಳಿಕೊಂಡ. ಕತ್ತು ಕಲ್ಲಾಗಿತ್ತು. ಹುಟ್ಟಿದಾಗಿನಿಂದ ಕಲಿತದ್ದು ಕತ್ತಿನಲ್ಲಿ ಕೂತಿತ್ತು, ಹಿರಿಯರ ಕಣ್ಣಲ್ಲಿ ಕಣ್ಣಿಡಬಾರದು ಎಂದು. ಕೊನೆಗೂ ಎತ್ತಿದ. ಮೊದಲು ಅವರ ಮೊಣಕಾಲು ಕಂಡಿತು, ಆಮೇಲೆ ಅಂಗಿಯ ಗುಂಡಿ, ನೆರೆತ ಗಡ್ಡ, ಬರಿದಾದ ಹಣೆ. ತುಟಿಗಳನ್ನು ಅಗಲಿಸಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಚಿಕ್ಕ ಮಕ್ಕಳಿಗೆ ಹೇಳಿಕೊಡುವ ಹಾಗೆ, "ನನಗ ಗೊತ್ತಿತ್ರಿ ಸರ್" ಎಂದ.

ಮಾಳಿಂಗರಾಯ ಸರ್ ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದರು.

"ಗೊತ್ತಿತ್ರಿ. ನನಗ ಮೊದಲಿಂದ ಗೊತ್ತಿತ್ತು" ಎಂದು ಅವನು ಇನ್ನೂ ಜೋರಾಗಿ ಹೇಳಿದ. ಮಗ್ಗದ ಸದ್ದನ್ನೂ ಮೀರಿ ಚೀರಿದ. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ಸತ್ಯವ್ವ ಒಲೆಯ ಮುಂದಿನಿಂದ ಎದ್ದು ಬಂದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಅವನ ಭುಜ ಹಿಡಿದು ಮೆಲ್ಲಗೆ ಅಲುಗಿಸಿದಳು.

"ಸುಮ್ಮನಾಗಪಾ. ಅವರು ಕಣ್ಣ ಮುಚ್ಚಿದ್ರಂದ್ರ ಏನೂ ಕೇಳೂದಿಲ್ಲ" ಎಂದಳು.